ಒಂದೇ ಡಿಸ್ಕ್‌ನಲ್ಲಿ ಎರಡು ‘ಫೋಟೋ’: ಕನ್ನಡ ಫೈಲ್ ಹೆಸರುಗಳ ದುರಸ್ತಿ

ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರನ್ನೂ ಸುತ್ತಿ ಬಂದ ಡಿಸ್ಕ್ ಒಂದರಲ್ಲಿ ‘ಫೋಟೋ’ ಎಂಬ ಎರಡು ಫೋಲ್ಡರ್‌ಗಳು ಪಕ್ಕಪಕ್ಕದಲ್ಲೇ ಇವೆ. ಅಕ್ಷರ ಅಕ್ಷರ ಹೋಲಿಸಿದರೂ ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ. ಟರ್ಮಿನಲ್‌ನಲ್ಲಿ ಹೆಸರು ಟೈಪ್ ಮಾಡಿದರೆ ಒಂದು ತೆರೆಯುತ್ತದೆ, ಇನ್ನೊಂದು ಏನು ಮಾಡಿದರೂ ತೆರೆಯುವುದಿಲ್ಲ. ಬ್ಯಾಕಪ್ ಓಡಿಸಿದಾಗಲೆಲ್ಲ ಹಳೆಯ ಫೈಲ್‌ಗಳೇ ಹೊಸದೆಂಬಂತೆ ಮತ್ತೆ ನಕಲಾಗುತ್ತವೆ. ಜೊತೆಗೆ ಬಂದ ಜಿಪ್ ಬಿಚ್ಚಿದರೆ ಕನ್ನಡದ ಜಾಗದಲ್ಲಿ ಗೆರೆ, ಚೌಕ, ಗ್ರೀಕ್ ಅಕ್ಷರ. ಡಿಸ್ಕ್ ಕೆಟ್ಟಿಲ್ಲ, ಫಾಂಟ್ ಕೆಟ್ಟಿಲ್ಲ. ಕೆಟ್ಟಿರುವುದು ಹೆಸರುಗಳ ಬೈಟ್‌ಗಳು, ಅವನ್ನು ಸರಿಮಾಡಬಹುದು. ಆದರೆ ತಪ್ಪು ಕ್ರಮದಲ್ಲಿ ಕೈಹಾಕಿದರೆ ಫೈಲೇ ಹೋಗುತ್ತದೆ. ಹಾಗಾಗಿ ಮೊದಲ ಕೆಲಸ: ಇಡೀ ಡಿಸ್ಕ್‌ನ ಇಮೇಜ್ ತೆಗೆದಿಡಿ. ಫೈಲ್ ಮಟ್ಟದ ನಕಲು ಸಾಲದು, ಏಕೆಂದರೆ ನಕಲಿಸುವ ಹಂತದಲ್ಲೇ ಹೆಸರುಗಳು ಬದಲಾಗಬಹುದು.

ಕಣ್ಣನ್ನು ಬಿಟ್ಟು ಬೈಟ್ ನೋಡಿ

ಫೈಲ್ ಪಟ್ಟಿಯನ್ನು ಬೈಟ್‌ಗಳನ್ನು ಸಂಖ್ಯೆಗಳಾಗಿ ತೋರಿಸುವ ‘ಓಡಿ’ (od) ಆಜ್ಞೆಗೆ ಪೈಪ್ ಮಾಡಿ, ಪ್ರತಿ ಬೈಟ್ ದಶಮಾನದಲ್ಲಿ ಬರುವಂತೆ ಕೇಳಿ. ಪೈಥಾನ್‌ನ ‘ಆರ್ಡ್’ ಫಂಕ್ಷನ್ ಕೂಡ ದಶಮಾನವನ್ನೇ ಕೊಡುತ್ತದೆ, ಆದ್ದರಿಂದ ಇಲ್ಲಿನ ಸಂಖ್ಯೆಗಳೆಲ್ಲ ದಶಮಾನದವು. ಯೂನಿಕೋಡ್‌ನಲ್ಲಿ ಕನ್ನಡದ ಜಾಗ 3200ರಿಂದ 3327. ಅಲ್ಲಿನ ಪ್ರತಿ ಕೋಡ್‌ಪಾಯಿಂಟ್, ಅಂದರೆ ಒಂದು ಅಕ್ಷರಕ್ಕೆ ಅಥವಾ ಚಿಹ್ನೆಗೆ ಕೊಟ್ಟ ಸಂಖ್ಯೆ, ಯುಟಿಎಫ್-8 ಎಂಬ ಬರೆಯುವ ಕ್ರಮದಲ್ಲಿ ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179.

ಮೊದಲ ‘ಫೋಟೋ’ ಹೀಗೆ ಬರುತ್ತದೆ: 224 178 171, 224 179 139, 224 178 159, 224 179 139. ಫ, ೋ, ಟ, ೋ. ನಾಲ್ಕು ಕೋಡ್‌ಪಾಯಿಂಟ್, 12 ಬೈಟ್. ಎರಡನೆಯ ‘ಫೋಟೋ’ದಲ್ಲಿ ಫ ಆದಮೇಲೆ 224 179 134, 224 179 130, 224 179 149 ಬರುತ್ತವೆ. ಅಂದರೆ ೆ, ೂ ಮತ್ತು ದೀರ್ಘದ ಗುರುತು ೕ. ಟ ಆದಮೇಲೆ ಅವೇ ಮೂರು ಮತ್ತೊಮ್ಮೆ. ಒಟ್ಟು ಎಂಟು ಕೋಡ್‌ಪಾಯಿಂಟ್, 24 ಬೈಟ್. ಮೊದಲನೆಯದು ಕೂಡಿಸಿದ ರೂಪ, ಎನ್‌ಎಫ್‌ಸಿ. ಎರಡನೆಯದು ಬಿಡಿಸಿದ ರೂಪ, ಎನ್‌ಎಫ್‌ಡಿ. ಯೂನಿಕೋಡ್ ನಿಯಮದ ಪ್ರಕಾರ ಎರಡೂ ಒಂದೇ ಪಠ್ಯ. ಬೈಟ್ ಹೋಲಿಸುವ ಫೈಲ್‌ಸಿಸ್ಟಮ್‌ಗೆ ಎರಡು ಬೇರೆ ಹೆಸರು.

ಕನ್ನಡದಲ್ಲಿ ಹೀಗೆ ಒಡೆಯುವ ಚಿಹ್ನೆಗಳು ಐದೇ ಐದು, ಇವನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. ೀ (3264) ಒಡೆದು 3263, 3285 ಆಗುತ್ತದೆ. ೇ (3271) ಒಡೆದು 3270, 3285. ೈ (3272) ಒಡೆದು 3270, 3286. ೊ (3274) ಒಡೆದು 3270, 3266. ೋ (3275) ಒಡೆದು 3270, 3266, 3285. ೌ ಒಡೆಯುವುದಿಲ್ಲ. ಈ, ಏ, ಐ, ಓ ಮುಂತಾದ ಬಿಡಿ ಸ್ವರಗಳೂ ಒಡೆಯುವುದಿಲ್ಲ. ‘ಕನ್ನಡ’, ‘ಪುಸ್ತಕ’, ‘ಚಿತ್ರಗಳು’ ಮುಂತಾದ ಹೆಸರುಗಳು ಎಲ್ಲೆಡೆ ಸರಿಯಾಗಿ ನಡೆದು, ‘ಲೇಖನ’, ‘ಕೈಪಿಡಿ’, ‘ವಿಡಿಯೋ’ ಮಾತ್ರ ಕೈಕೊಡುವುದು ಇದಕ್ಕೇ. ಕೆಲವೇ ಹೆಸರು ಕೆಟ್ಟಿದ್ದರೆ ದೋಷ ಯಾದೃಚ್ಛಿಕ ಅನಿಸುತ್ತದೆ. ಈ ಐದು ಚಿಹ್ನೆ ಹುಡುಕಿದರೆ ಹಾಗಲ್ಲ ಎಂದು ತಕ್ಷಣ ತಿಳಿಯುತ್ತದೆ.

ಬಿಡಿಸಿದ ರೂಪದ ಹೆಸರುಗಳನ್ನು ಹುಡುಕಲು ಹಲವರು 3285 ಮತ್ತು 3286ನ್ನು ಮಾತ್ರ ಗ್ರೆಪ್ ಮಾಡುತ್ತಾರೆ. ಅದು ಅರ್ಧ ಹುಡುಕಾಟ. ‘ಕೊನೆ’ಯಲ್ಲಿರುವ ಹ್ರಸ್ವ ೊ ಒಡೆದಾಗ ದೀರ್ಘದ ಗುರುತು ಇರುವುದೇ ಇಲ್ಲ. ಆದ್ದರಿಂದ 3270 ಆದ ತಕ್ಷಣ 3266 ಬರುವ ಜೋಡಿಯನ್ನೂ ಸೇರಿಸಿ ಹುಡುಕಬೇಕು.

ಯಾವ ಫೈಲ್‌ಸಿಸ್ಟಮ್ ಏನು ಮಾಡುತ್ತದೆ

ಲಿನಕ್ಸ್‌ನ ಎಕ್ಸ್ಟ್4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ಗಳಿಗೆ ಹೆಸರು ಎಂದರೆ ಬೈಟ್‌ಗಳ ಸಾಲು ಅಷ್ಟೇ. ಓರೆಗೆರೆ ಮತ್ತು ಸೊನ್ನೆ ಬೈಟ್ ಬಿಟ್ಟು ಏನು ಬೇಕಾದರೂ ಇರಬಹುದು, ಅದು ಯುಟಿಎಫ್-8 ಆಗಿರಬೇಕೆಂದೂ ಇಲ್ಲ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಮತ್ತು ಫ್ಯಾಟ್32ರ ಉದ್ದ ಹೆಸರುಗಳಲ್ಲಿ 16 ಬಿಟ್‌ನ ಘಟಕಗಳು ಕೂರುತ್ತವೆ. ದೊಡ್ಡಕ್ಷರ ಸಣ್ಣಕ್ಷರ ಒಂದೇ ಎಂದು ಹೋಲಿಸುತ್ತವೆ, ಆದರೆ ಕೂಡಿಸಿದ ಮತ್ತು ಬಿಡಿಸಿದ ರೂಪಗಳನ್ನು ಒಂದೇ ಎಂದು ನೋಡುವುದಿಲ್ಲ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕೊಟ್ಟ ಹೆಸರನ್ನು ಬಿಡಿಸಿಯೇ ಬರೆದುಕೊಳ್ಳುತ್ತದೆ. ನೀವು 12 ಬೈಟ್ ಕೊಟ್ಟರೆ ವಾಪಸ್ ಬರುವುದು 24.

ಮ್ಯಾಕ್‌ನ ಹೊಸ ಎಪಿಎಫ್‌ಎಸ್ ಕೊಟ್ಟದ್ದನ್ನು ಹಾಗೆಯೇ ಇಡುತ್ತದೆ, ಆದರೆ ಹುಡುಕುವಾಗ ಎರಡು ರೂಪಗಳನ್ನೂ ಒಂದೇ ಎಂದು ಪರಿಗಣಿಸುತ್ತದೆ. ಹಾಗಾಗಿ ಅದರಲ್ಲಿ ಎರಡು ‘ಫೋಟೋ’ ಒಟ್ಟಿಗೆ ಇರಲಾರವು. ಎಕ್ಸ್‌ಫ್ಯಾಟ್‌ನಲ್ಲಿರುವ ಜೋಡಿಯನ್ನು ಅಲ್ಲಿಗೆ ನಕಲಿಸಿದರೆ ಫೋಲ್ಡರ್‌ಗಳು ಒಂದರೊಳಗೊಂದು ಬೆರೆಯುತ್ತವೆ. ಒಳಗಿನ ಫೈಲ್‌ಗಳ ಹೆಸರೂ ಒಂದೇ ಆಗಿದ್ದರೆ ‘ಸಿಪಿ’ ಆಜ್ಞೆ ಮೊದಲನೆಯದರ ಮೇಲೆ ಎರಡನೆಯದನ್ನು ಸದ್ದಿಲ್ಲದೆ ಬರೆಯುತ್ತದೆ. ಈ ಇಡೀ ಕೆಲಸದಲ್ಲಿ ನಿಜವಾಗಿ ಭಯಪಡಬೇಕಾದ ಹಂತ ಇದೊಂದೇ. ದುರಸ್ತಿಯನ್ನು ಮ್ಯಾಕ್‌ನಲ್ಲಿ ಮಾಡದೆ ಲಿನಕ್ಸ್‌ನ ಎಕ್ಸ್ಟ್4 ಮೇಲೆ ಮಾಡಿ ಎನ್ನುವುದು ಈ ಕಾರಣಕ್ಕೆ: ಅಲ್ಲಿ ಎರಡು ರೂಪಗಳೂ ಬೇರೆಬೇರೆಯಾಗಿ ಉಳಿಯುತ್ತವೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು.

ಪರೀಕ್ಷೆಗೆ ಸುಳ್ಳು ಡಿಸ್ಕ್‌ಗಳು

ಇದನ್ನೆಲ್ಲ ನಂಬುವ ಬದಲು ಪರೀಕ್ಷಿಸಿ ನೋಡುವುದು ಸುಲಭ. ‘ಟ್ರಂಕೇಟ್’ನಿಂದ 128 ಎಂಬಿಯ ಐದು ಖಾಲಿ ಫೈಲ್ ಮಾಡಿ. ಇ2ಎಫ್‌ಎಸ್‌ಪ್ರಾಗ್ಸ್, ಡಾಸ್‌ಎಫ್‌ಎಸ್‌ಟೂಲ್ಸ್, ಎಕ್ಸ್‌ಫ್ಯಾಟ್‌ಪ್ರಾಗ್ಸ್, ಎನ್‌ಟಿಎಫ್‌ಎಸ್-3ಜಿ, ಎಚ್‌ಎಫ್‌ಎಸ್‌ಪ್ರಾಗ್ಸ್ ಪ್ಯಾಕೇಜ್‌ಗಳನ್ನು ಹಾಕಿಕೊಂಡು ಒಂದೊಂದನ್ನೂ ಒಂದೊಂದು ಬಗೆಯಲ್ಲಿ ಫಾರ್ಮ್ಯಾಟ್ ಮಾಡಿ, ಲೂಪ್ ಆಯ್ಕೆಯೊಂದಿಗೆ ಮೌಂಟ್ ಮಾಡಿ. ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಸಾಧನ ‘ಇದು ಡಿಸ್ಕ್ ಅಲ್ಲ’ ಎಂದು ನಿರಾಕರಿಸುತ್ತದೆ, ಅದಕ್ಕೆ ಫೋರ್ಸ್ ಆಯ್ಕೆ ಬೇಕು. ಫ್ಯಾಟ್32ನ್ನು ಮೌಂಟ್ ಮಾಡುವಾಗ ‘ಯುಟಿಎಫ್8’ ಆಯ್ಕೆ ಮರೆಯಬೇಡಿ. ಅದಿಲ್ಲದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನೆಚಿಹ್ನೆ ಕಾಣಬಹುದು. ಆಗ ಗಾಬರಿಪಟ್ಟು ಹೆಸರು ಬದಲಿಸಲು ಹೋಗಬೇಡಿ. ಡಿಸ್ಕ್‌ನಲ್ಲಿ ಹೆಸರು ಸರಿಯಾಗಿಯೇ ಇದೆ, ಮೌಂಟ್ ಬಿಚ್ಚಿ ಆ ಆಯ್ಕೆಯೊಂದಿಗೆ ಮತ್ತೆ ಹಾಕಿದರೆ ಬರುತ್ತದೆ.

ಪ್ರತಿಯೊಂದರಲ್ಲೂ ಈ ಹೆಸರುಗಳನ್ನು ಸೃಷ್ಟಿಸಿ: ಎರಡು ರೂಪದ ‘ಫೋಟೋ’, ಅದೃಶ್ಯ ಬೇರ್ಪಡಕ ಇರುವ ‘ಸಾಫ್ಟ್‌ವೇರ್’, ಅದಿಲ್ಲದ ‘ಸಾಫ್ಟ್ವೇರ್’, ಮತ್ತು ‘ಕ’ವನ್ನು 90 ಸಲ ಬರೆದ ಹೆಸರು. ಎಕ್ಸ್ಟ್4ರಲ್ಲಿ ಮೊದಲ ನಾಲ್ಕೂ ಬೇರೆಬೇರೆಯಾಗಿ ನಿಲ್ಲುತ್ತವೆ. ಐದನೆಯದು 270 ಬೈಟ್ ಆಗುವುದರಿಂದ ‘ಹೆಸರು ತೀರಾ ಉದ್ದ’ ಎಂಬ 36ನೇ ದೋಷ ಬರುತ್ತದೆ. ಫ್ಯಾಟ್32, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್‌ಗಳಲ್ಲಿ ಐದೂ ನಿಲ್ಲುತ್ತವೆ. ಎಚ್‌ಎಫ್‌ಎಸ್ ಪ್ಲಸ್‌ನಲ್ಲಿ ಎರಡನೆಯ ‘ಫೋಟೋ’ ಈಗಾಗಲೇ ಇದೆ ಎಂದು ಉತ್ತರ ಬರುತ್ತದೆ. ಎರಡನೆಯ ‘ಸಾಫ್ಟ್ವೇರ್’ಗೂ ಅದೇ ಉತ್ತರ, ಏಕೆಂದರೆ ಅದರ ಸಾಮಾನ್ಯ ಬಗೆಯ ಹೋಲಿಕೆಯಲ್ಲಿ 8204 ಮತ್ತು 8205 ಎಂಬ ಅದೃಶ್ಯ ಅಕ್ಷರಗಳು ಲೆಕ್ಕಕ್ಕೇ ಬರುವುದಿಲ್ಲ. ಇದೇ ಗುಣವನ್ನು ಬಳಸಿಕೊಂಡು ಕೋಡ್‌ನ ಆವೃತ್ತಿಗಳನ್ನು ಕಾಯುವ ಗಿಟ್ ಸಾಧನದ ಒಳಫೋಲ್ಡರ್ ಮೇಲೆ ಬರೆಯುವ ದಾರಿ 2014ರಲ್ಲಿ ಬಯಲಾಗಿ, ಗಿಟ್‌ಗೆ ಭದ್ರತಾ ತಿದ್ದುಪಡಿ ಬಂತು.

ಇಲ್ಲೊಂದು ಬಲೆ ಇದೆ. ಲಿನಕ್ಸ್‌ನ ಎಚ್‌ಎಫ್‌ಎಸ್ ಪ್ಲಸ್ ಡ್ರೈವರ್ ಬರೆಯುವಾಗ ಹೆಸರನ್ನು ಬಿಡಿಸುತ್ತದೆ, ಓದುವಾಗ ಮತ್ತೆ ಕೂಡಿಸಿ ತೋರಿಸುತ್ತದೆ. ಪಟ್ಟಿ ನೋಡಿ ‘ಇದು ಬದಲಾಯಿಸಲೇ ಇಲ್ಲ’ ಎಂದುಕೊಳ್ಳುತ್ತೀರಿ. ಒಳಗೆ ನಿಜವಾಗಿ ಏನಿದೆಯೆಂದು ನೋಡಲು ‘ನೋಡಿಕಂಪೋಸ್’ (nodecompose) ಆಯ್ಕೆಯೊಂದಿಗೆ ಮತ್ತೆ ಮೌಂಟ್ ಮಾಡಿ.

ಜೋಡಿ ಹೆಸರುಗಳ ದುರಸ್ತಿ

ಮೊದಲು ಪಟ್ಟಿ, ಆಮೇಲೆ ಬದಲಾವಣೆ. ಪೈಥಾನ್‌ನ ‘ಓಎಸ್.ವಾಕ್’ನಿಂದ ಪ್ರತಿ ಫೋಲ್ಡರ್‌ಗೆ ಹೋಗಿ, ಅಲ್ಲಿನ ಹೆಸರುಗಳನ್ನು ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ‘ನಾರ್ಮಲೈಸ್’ ಮೂಲಕ ಎನ್‌ಎಫ್‌ಸಿಗೆ ತಂದು ಗುಂಪು ಮಾಡಿ. ಒಂದು ಗುಂಪಿನಲ್ಲಿ ಒಂದೇ ಹೆಸರಿದ್ದು ಅದು ಎನ್‌ಎಫ್‌ಸಿ ಅಲ್ಲದಿದ್ದರೆ ಬರೀ ಮರುನಾಮಕರಣ ಸಾಕು. ಎರಡು ಹೆಸರಿದ್ದರೆ ಘರ್ಷಣೆ.

ಘರ್ಷಣೆಯಲ್ಲಿ ಎರಡೂ ಫೈಲ್ ಆಗಿದ್ದರೆ ಒಳಗಿನ ಮಾಹಿತಿಯ ಬೆರಳಚ್ಚಿನಂಥ ಎಸ್‌ಎಚ್‌ಎ-256 ಮೊತ್ತ ತೆಗೆಯಿರಿ. ಒಂದೇ ಬಂದರೆ ಬಿಡಿಸಿದ ಹೆಸರಿನದ್ದನ್ನು ಅಳಿಸಬಹುದು. ಬೇರೆ ಬಂದರೆ ಎರಡನ್ನೂ ಉಳಿಸಿ, ಎರಡನೆಯದರ ಹೆಸರಿಗೆ ‘-2’ ಸೇರಿಸಿ, ಆಯ್ಕೆಯನ್ನು ಫೈಲ್‌ನ ಒಡೆಯರಿಗೆ ಬಿಡಿ. ದಿನಾಂಕ ನೋಡಿ ಹೊಸದನ್ನು ಇಟ್ಟುಕೊಳ್ಳುವ ಉಪಾಯ ಬೇಡ. ಫ್ಯಾಟ್‌ನಲ್ಲಿ ಸಮಯ ಎರಡು ಸೆಕೆಂಡಿನ ಹಂತದಲ್ಲಿ, ಟೈಮ್‌ಜೋನ್ ಇಲ್ಲದೆ ಉಳಿಯುತ್ತದೆ. ಫೋಲ್ಡರ್ ಜೋಡಿಯಾದರೆ ಒಳಗಿನದನ್ನು ಮೊದಲು ಸರಿಮಾಡಿ, ಆಮೇಲೆ ಒಂದರ ಒಳಗಿನದನ್ನು ಇನ್ನೊಂದಕ್ಕೆ ಸರಿಸಿ. ಸರಿಸುವಾಗ ಮತ್ತೆ ಇದೇ ಪರೀಕ್ಷೆ.

ಮರುನಾಮಕರಣ ಆಳದಿಂದ ಮೇಲಕ್ಕೆ ಬರಬೇಕು. ತಾಯಿಫೋಲ್ಡರ್‌ನ ಹೆಸರು ಮೊದಲು ಬದಲಾದರೆ ಪಟ್ಟಿಯಲ್ಲಿ ಉಳಿದ ದಾರಿಗಳೆಲ್ಲ ಸುಳ್ಳಾಗುತ್ತವೆ. ‘ವಾಕ್’ಗೆ ಟಾಪ್‌ಡೌನ್ ಬೇಡ ಎಂದು ಹೇಳಿದರೆ ಈ ಕ್ರಮ ತಾನಾಗಿ ಬರುತ್ತದೆ. ಪೈಥಾನ್‌ನ ‘ರಿನೇಮ್’ ಲಿನಕ್ಸ್‌ನಲ್ಲಿ ಇರುವ ಫೈಲ್ ಮೇಲೆ ಕೇಳದೆ ಬರೆದುಬಿಡುತ್ತದೆ, ಆದ್ದರಿಂದ ಪ್ರತಿಸಲ ಗುರಿಯ ಹೆಸರು ಖಾಲಿಯಿದೆಯೇ ನೋಡಿಕೊಳ್ಳಿ. ಎಪಿಎಫ್‌ಎಸ್ ಮೇಲೆಯೇ ಕೆಲಸ ಮಾಡಲೇಬೇಕಾದರೆ ಈ ಪರೀಕ್ಷೆ ಸದಾ ‘ಇದೆ’ ಎನ್ನುತ್ತದೆ, ಏಕೆಂದರೆ ಹಳೆಯ ಫೈಲೇ ಹೊಸ ಹೆಸರಿಗೂ ಓಗೊಡುತ್ತದೆ. ಅಲ್ಲಿ ಫೈಲ್‌ಸಿಸ್ಟಮ್ ಪ್ರತಿ ಫೈಲ್‌ಗೆ ಕೊಡುವ ಐನೋಡ್ ಸಂಖ್ಯೆ ಹೋಲಿಸಿ, ನಡುವೆ ಒಂದು ತಾತ್ಕಾಲಿಕ ಹೆಸರಿಟ್ಟು ಎರಡು ಹೆಜ್ಜೆಯಲ್ಲಿ ಬದಲಿಸಿ.

ಸ್ಕ್ರಿಪ್ಟ್ ಬರೆಯಲು ಮನಸ್ಸಿಲ್ಲದವರಿಗೆ ‘ಕನ್ವ್‌ಎಂವಿ’ ಇದೆ. ಮೂಲ, ಗುರಿ ಎರಡೂ ಯುಟಿಎಫ್-8 ಎಂದು ಹೇಳಿ, ಎನ್‌ಎಫ್‌ಸಿ ಮತ್ತು ರಿಕರ್ಸಿವ್ ಆಯ್ಕೆ ಕೊಡಿ. ಅದು ಸುಮ್ಮನೆ ಓಡಿದಾಗ ಏನು ಮಾಡಲಿದೆ ಎಂದಷ್ಟೇ ತೋರಿಸುತ್ತದೆ, ‘ನೋಟೆಸ್ಟ್’ ಕೊಟ್ಟ ಮೇಲೆಯೇ ಮುಟ್ಟುತ್ತದೆ. ಈ ನಡವಳಿಕೆಗಾಗಿಯೇ ಅದನ್ನು ಮೆಚ್ಚಬೇಕು.

ಹೆಸರು ಸರಿಯಾದ ಮೇಲೆ ಆ ಹೆಸರನ್ನು ಉಲ್ಲೇಖಿಸುವ ಜಾಗಗಳು ಮುರಿಯುತ್ತವೆ. ಚೆಕ್‌ಸಮ್ ಪಟ್ಟಿ, ಪ್ಲೇಲಿಸ್ಟ್, ಡೇಟಾಬೇಸ್‌ನ ಪಾಥ್ ಕಾಲಂ, ಎಚ್‌ಟಿಎಂಎಲ್ ಲಿಂಕ್: ಇವುಗಳಲ್ಲಿ ಹಳೆಯ ಬೈಟ್‌ಗಳೇ ಉಳಿದಿರುತ್ತವೆ. ಪಾಥ್ ಇರುವ ಭಾಗವನ್ನು ಮಾತ್ರ ಎನ್‌ಎಫ್‌ಸಿಗೆ ತನ್ನಿ, ಇಡೀ ಫೈಲನ್ನಲ್ಲ. ಲಿಂಕ್‌ಗಳಲ್ಲಿ ಹೆಸರು ಶೇಕಡಾ ಚಿಹ್ನೆಯ ರೂಪದಲ್ಲಿದ್ದರೆ ಮೊದಲು ಬಿಚ್ಚಬೇಕು. ಅಲ್ಲಿ ಒಂದು ಕನ್ನಡ ಕೋಡ್‌ಪಾಯಿಂಟ್ ಒಂಬತ್ತು ಅಕ್ಷರವಾಗಿರುತ್ತದೆ, ಸಾಮಾನ್ಯ ಹುಡುಕಾಟಕ್ಕೆ ಸಿಗುವುದಿಲ್ಲ.

ಜಿಪ್‌ನೊಳಗಿನ ಗೋಜಲು

ಜಿಪ್ ರಚನೆಯ ಮೂಲ ನಿಯಮದಲ್ಲಿ ಹೆಸರುಗಳು ಕೋಡ್‌ಪೇಜ್ 437ರಲ್ಲಿ (ಯಾವ ಬೈಟ್‌ಗೆ ಯಾವ ಅಕ್ಷರ ಎಂಬ ಹಳೆಯ ಪಟ್ಟಿ) ಇರಬೇಕು. 2006ರ 6.3.0 ಆವೃತ್ತಿಯಲ್ಲಿ, ಫ್ಲ್ಯಾಗ್‌ನ 11ನೇ ಬಿಟ್ ಹಚ್ಚಿದ್ದರೆ ಹೆಸರು ಯುಟಿಎಫ್-8 ಎಂದಾಯಿತು. ಯುಟಿಎಫ್-8 ಬೈಟ್ ಬರೆದೂ ಆ ಬಿಟ್ ಹಚ್ಚದ ಸಾಧನಗಳಿವೆ, ಗೋಜಲು ಹುಟ್ಟುವುದು ಅಲ್ಲೇ. ಬಿಚ್ಚುವ ಮೊದಲೇ ಸಿಕ್ಕರೆ ಸುಲಭ: ಪೈಥಾನ್ 3.11ರಿಂದ ಜಿಪ್‌ಫೈಲ್‌ಗೆ ‘ಮೆಟಾಡೇಟಾ ಎನ್‌ಕೋಡಿಂಗ್’ ಯುಟಿಎಫ್-8 ಎಂದು ಹೇಳಿ ತೆರೆಯಬಹುದು.

ಈಗಾಗಲೇ ಬಿಚ್ಚಿ ಕೆಟ್ಟಿದ್ದರೆ, ಯಾವ ಕೋಡ್‌ಪೇಜ್‌ನಲ್ಲಿ ಕೆಟ್ಟಿದೆ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಗ್ರೀಕ್ ಆಲ್ಫಾ, ಅದರ ಹಿಂದೆಯೇ ದಟ್ಟ ಚುಕ್ಕಿಯ ಚೌಕ ಅಥವಾ ನೆಟ್ಟಗಿನ ಗೆರೆ ಮತ್ತೆಮತ್ತೆ ಬಂದರೆ ಅದು 437. ತಲೆಯ ಮೇಲೆ ಓರೆಗೀಟಿರುವ ಲ್ಯಾಟಿನ್ ‘ಎ’, ಅದರ ಹಿಂದೆ ಮೇಲಕ್ಕೇರಿಸಿದ ಪುಟ್ಟ 2 ಅಥವಾ 3 ಬಂದರೆ ಅದು ವಿಂಡೋಸ್-1252. ಎರಡರಲ್ಲೂ ಅವು ನಮ್ಮ 224, 178, 179ರ ಮುಖಗಳೇ.

437 ಆದರೆ ಹೆಸರನ್ನು ಆ ಕೋಡ್‌ಪೇಜ್‌ಗೆ ಎನ್‌ಕೋಡ್ ಮಾಡಿ ಯುಟಿಎಫ್-8 ಎಂದು ಡಿಕೋಡ್ ಮಾಡಿದರೆ ಕನ್ನಡ ಪೂರ್ತಿ ವಾಪಸ್ ಬರುತ್ತದೆ. 1252 ಹಠಮಾರಿ. ಅದರಲ್ಲಿ 129, 141, 143, 144, 157 ಎಂಬ ಐದು ಬೈಟ್‌ಗಳಿಗೆ ಅಕ್ಷರವೇ ಇಲ್ಲ. ಕನ್ನಡದ ಮಟ್ಟಿಗೆ 129 ಎಂದರೆ ು, 141 ಎಂದರೆ ್, ಉಳಿದವು ಏ, ಐ, ಝ. ಅರ್ಧಾಕ್ಷರವೂ ಕೊಂಬೂ ಇಲ್ಲದ ಕನ್ನಡ ಹೆಸರು ಎಷ್ಟಿದ್ದೀತು! ಪೈಥಾನ್ ಕಟ್ಟುನಿಟ್ಟಾಗಿ ನಡೆದುಕೊಂಡು ಮೊದಲ ‘ನ್ನ’ ಕಂಡ ಕಡೆಯೇ ದೋಷ ಕೊಡುತ್ತದೆ. ವಿಂಡೋಸ್ ಆ ಬೈಟ್‌ಗಳನ್ನು ಅದೇ ಸಂಖ್ಯೆಯ ನಿಯಂತ್ರಣ ಅಕ್ಷರಗಳಾಗಿ ಉಳಿಸಿರುತ್ತದೆ. ಹಾಗಾಗಿ ಒಂದೊಂದು ಅಕ್ಷರವನ್ನೂ ಮೊದಲು 1252ಕ್ಕೆ, ಆಗದಿದ್ದರೆ ಲ್ಯಾಟಿನ್-1ಕ್ಕೆ ಎನ್‌ಕೋಡ್ ಮಾಡಿ, ಬೈಟ್‌ಗಳನ್ನು ಸೇರಿಸಿ, ಕೊನೆಗೆ ಯುಟಿಎಫ್-8 ಡಿಕೋಡ್ ಮಾಡಿ. ಇನ್ನೂ ಎರಡು ಕಡೆ ನಷ್ಟವಾಗುತ್ತದೆ. ಠದ ಕೊನೆಯ ಬೈಟ್ 160, 1252ರಲ್ಲಿ ಅದು ಮುರಿಯದ ಖಾಲಿಜಾಗ. ಭದ ಕೊನೆಯ ಬೈಟ್ 173, ಅದು ಕಾಣದ ಹೈಫನ್. ನಡುವಿನ ಯಾವುದಾದರೂ ಸಾಧನ ಇವನ್ನು ಮಾಮೂಲಿ ಖಾಲಿಜಾಗ ಮಾಡಿದ್ದರೆ ಅಥವಾ ಕಿತ್ತುಹಾಕಿದ್ದರೆ ಡಿಕೋಡ್ ವಿಫಲವಾಗುತ್ತದೆ. 224 178 ಆದಮೇಲೆ 32 ಇದ್ದರೆ ಠ, ಏನೂ ಇಲ್ಲದಿದ್ದರೆ ಭ ಇತ್ತೆಂದು ಊಹಿಸಿ ತುಂಬಿ, ಅಂಥವನ್ನು ಒಂದೊಂದಾಗಿ ಕಣ್ಣಾರೆ ನೋಡಿ.

ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿ ಅಂಟಿಸಿದ ಹೆಸರುಗಳೂ ನೋಡಲು ಹೀಗೆಯೇ ಇರುತ್ತವೆ. ಅವು ನಿಜಕ್ಕೂ ಲ್ಯಾಟಿನ್ ಅಕ್ಷರಗಳು, ಈ ಚಿಕಿತ್ಸೆ ಅವಕ್ಕೆ ನಾಟುವುದಿಲ್ಲ. ಆಸ್ಕಿಯಿಂದ ಯೂನಿಕೋಡ್‌ಗೆ ತರುವ ಪರಿವರ್ತಕಕ್ಕೆ ಕೊಡಿ.

ಎನ್‌ಎಫ್‌ಸಿ ಮುಟ್ಟದ ಎರಡು ತೊಡಕು

‘ಸಾಫ್ಟ್‌ವೇರ್’ನಲ್ಲಿ ಟ್ ಮತ್ತು ವೇ ನಡುವಿನ 8204 ಬೇಕೇಬೇಕು, ತೆಗೆದರೆ ಒತ್ತಕ್ಷರವಾಗುತ್ತದೆ. ‘ರ‍್ಯಾಂಕ್’ನಲ್ಲಿ ರ ಆದಮೇಲಿನ 8205 ತೆಗೆದರೆ ಅರ್ಕಾವೊತ್ತು ಬರುತ್ತದೆ. ಆದರೆ ಹೆಸರಿನ ತುದಿಯಲ್ಲಿ, ಚುಕ್ಕಿಗೆ ಮುಂಚೆ, ಖಾಲಿಜಾಗಕ್ಕೆ ಮುಂಚೆ ಉಳಿದುಬಿಡುವ 8204 ಬರೀ ಹೊರೆ. ನಿಯಮ ಹೀಗಿಡಿ: 3277 ಆದಮೇಲೆ ಬಂದು, ಮುಂದೆ 3221ರಿಂದ 3257ರೊಳಗಿನ ವ್ಯಂಜನವಿದ್ದರೆ ಉಳಿಸಿ. ರ ಮತ್ತು 3277ರ ನಡುವಿನ 8205 ಉಳಿಸಿ. ಮಿಕ್ಕದ್ದನ್ನು ತೆಗೆಯಿರಿ.

ಎರಡನೆಯದು ಸೊನ್ನೆ. ಅನುಸ್ವಾರ ಂ 3202, ಕನ್ನಡ ಅಂಕಿ ೦ 3302. ಹಲವು ಫಾಂಟ್‌ಗಳಲ್ಲಿ ಎರಡೂ ಒಂದೇ ದುಂಡು. ‘ಅಂಕಪಟ್ಟಿ’ಯನ್ನು ಅಂಕಿಯ ಸೊನ್ನೆಯಿಂದ ಬರೆದಿದ್ದರೆ ಯಾವ ನಾರ್ಮಲೈಸೇಶನ್ ಕೂಡ ಸರಿಮಾಡದು. 3302ಕ್ಕೆ ಮುಂಚೆ ಅಂಕಿಯಲ್ಲದ ಕನ್ನಡ ಅಕ್ಷರವಿರುವ ಹೆಸರುಗಳನ್ನು ಪಟ್ಟಿಮಾಡಿ, ಮನುಷ್ಯರೇ ನೋಡಿ ಒಪ್ಪಿದ ಮೇಲೆ ಬದಲಿಸಿ.

ಉದ್ದದ ಲೆಕ್ಕ

ಎಕ್ಸ್ಟ್4ರ ಮಿತಿ 255 ಬೈಟ್, ಕನ್ನಡಕ್ಕೆ 85 ಕೋಡ್‌ಪಾಯಿಂಟ್. ‘ಸ್ತ್ರೀ’ ಎಂಬ ಒಂದೇ ಅಕ್ಷರ 18 ಬೈಟ್ ತಿನ್ನುತ್ತದೆ, ಅಂಥ 14 ಬಂದರೆ ಜಾಗ ಮುಗಿಯಿತು. ಇಕ್ರಿಪ್ಟ್‌ಎಫ್‌ಎಸ್‌ನಲ್ಲಿ ಹೆಸರನ್ನೂ ಗೂಢಲಿಪಿ ಮಾಡಿದ್ದರೆ ಮಿತಿ 143 ಬೈಟ್, ಅಂದರೆ 47 ಕೋಡ್‌ಪಾಯಿಂಟ್. ಎನ್‌ಟಿಎಫ್‌ಎಸ್‌ನಲ್ಲಿ 255 ಕೋಡ್‌ಪಾಯಿಂಟ್‌ವರೆಗೂ ಆರಾಮ, ಆದ್ದರಿಂದ ಉದ್ದ ಹೆಸರುಗಳು ಅಲ್ಲಿಂದಲೇ ಬರುತ್ತವೆ. ಉದ್ದವನ್ನು ಬಿಡಿಸಿದ ರೂಪದಲ್ಲಿ ಅಳೆದು 230 ಬೈಟ್ ಒಳಗಿಟ್ಟರೆ ಬ್ಯಾಕಪ್ ಸಾಧನಗಳು ಸೇರಿಸುವ ಬಾಲಕ್ಕೂ ಜಾಗವಿರುತ್ತದೆ. ಕತ್ತರಿಸುವಾಗ ಬೈಟ್ ನಡುವೆ ಬೇಡ, ್ ಆದ ತಕ್ಷಣವೂ ಬೇಡ, ಸ್ವರಚಿಹ್ನೆಗೆ ಮುಂಚೆಯೂ ಬೇಡ.

ವಿಂಡೋಸ್ ಕಡೆಯ ನಿಷೇಧಗಳೂ ಇವೆ: ಕೋಲನ್, ಪ್ರಶ್ನೆಚಿಹ್ನೆ, ನಕ್ಷತ್ರ, ಜೋಡಿ ಉದ್ಧರಣ, ಕೋನ ಆವರಣ, ನಿಲುಗೆರೆ, ಎರಡೂ ಓರೆಗೆರೆ, ತುದಿಯ ಚುಕ್ಕಿ ಮತ್ತು ಖಾಲಿಜಾಗ. ಎನ್‌ಟಿಎಫ್‌ಎಸ್ ಡಿಸ್ಕನ್ನು ಲಿನಕ್ಸ್‌ನಲ್ಲಿ ‘ವಿಂಡೋಸ್ ನೇಮ್ಸ್’ ಆಯ್ಕೆಯೊಂದಿಗೆ ಮೌಂಟ್ ಮಾಡಿದರೆ ಇಂಥ ಹೆಸರು ಹುಟ್ಟುವಾಗಲೇ ತಡೆಯುತ್ತದೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಆನ್ಸಿ ಕೋಡ್‌ಪೇಜ್ ಎಂದೂ ಇರಲಿಲ್ಲ. ಹಳೆಯ ಪ್ರೋಗ್ರಾಂ ಕನ್ನಡ ಹೆಸರನ್ನು ತೆರೆಯಲಾರದಿದ್ದರೆ ತಪ್ಪು ಫೈಲ್‌ನದ್ದಲ್ಲ.

ಮತ್ತೆ ಕೆಡದಂತೆ

ಫೈಲ್ ನಕಲಿಸುವ ಸಾಧನವಾದ ಆರ್‌ಸಿಂಕನ್ನು ಮ್ಯಾಕ್ ಕಡೆಯಿಂದ ಓಡಿಸುವಾಗ ‘ಐಕಾನ್ವ್’ ಆಯ್ಕೆಯಲ್ಲಿ ಇತ್ತ ಯುಟಿಎಫ್-8-ಮ್ಯಾಕ್, ಅತ್ತ ಯುಟಿಎಫ್-8 ಎಂದು ಕೊಡಿ. ಇದು 3.0ರಿಂದ ಇದೆ. ಮ್ಯಾಕ್ ಜೊತೆ ದೀರ್ಘಕಾಲ ಬಂದ 2.6.9ರಲ್ಲಿ ಇಲ್ಲ, ಹೊಸದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಗಿಟ್‌ನಲ್ಲಿ ‘ಪ್ರಿಕಂಪೋಸ್ ಯೂನಿಕೋಡ್’ ಸಂಯೋಜನೆ ಮ್ಯಾಕ್‌ನಲ್ಲಿ ಹೌದು ಎಂದಿರಲಿ. ಗಿಟ್ ಸ್ಟೇಟಸ್‌ನಲ್ಲಿ ಕನ್ನಡದ ಬದಲು 340 262 ಎಂಬ ಸಂಖ್ಯೆಗಳು ಬಂದರೆ ಅವು ಅಷ್ಟಮಾನದ 224, 178. ‘ಕೋಟ್‌ಪಾಥ್’ ಬೇಡ ಎಂದರೆ ಕನ್ನಡ ಕಾಣುತ್ತದೆ.

ಹೊಸ ಸಂಗ್ರಹಕ್ಕೆ ಡಿಸ್ಕ್ ಸಿದ್ಧಪಡಿಸುವ ಹಂತದಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಜೆಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್‌ನಲ್ಲಿ ಡೇಟಾಸೆಟ್ ಸೃಷ್ಟಿಸುವಾಗ ‘ನಾರ್ಮಲೈಸೇಶನ್’ ಗುಣಕ್ಕೆ ‘ಫಾರ್ಮ್‌ಸಿ’ ಕೊಡಿ. ಕೊಟ್ಟ ಹೆಸರು ಹಾಗೆಯೇ ಉಳಿಯುತ್ತದೆ, ಹೋಲಿಕೆ ಮಾತ್ರ ಎನ್‌ಎಫ್‌ಸಿಯಲ್ಲಿ ನಡೆಯುತ್ತದೆ. ಆಮೇಲೆ ಇದನ್ನು ಬದಲಿಸಲು ಬರುವುದಿಲ್ಲ. ಎಕ್ಸ್ಟ್4ರಲ್ಲಿ ಲಿನಕ್ಸ್ 5.2ರಿಂದ ‘ಕೇಸ್‌ಫೋಲ್ಡ್’ ಸೌಲಭ್ಯವಿದೆ. ದೊಡ್ಡಕ್ಷರ ಸಣ್ಣಕ್ಷರಗಳಿಲ್ಲದ ಕನ್ನಡಕ್ಕೆ ಇದೇಕೆ ಎನಿಸಬಹುದು, ಆದರೆ ಅದರ ಜೊತೆಯಲ್ಲೇ ಎರಡು ರೂಪಗಳನ್ನೂ ಒಂದೆಂದು ನೋಡುವ ಗುಣ ಬರುತ್ತದೆ. ಫಾರ್ಮ್ಯಾಟ್ ಮಾಡುವಾಗ ಆ ಸೌಲಭ್ಯ ಮತ್ತು ಯುಟಿಎಫ್8 ಎನ್‌ಕೋಡಿಂಗ್ ಆರಿಸಿ, ಫೋಲ್ಡರ್ ಖಾಲಿಯಿರುವಾಗಲೇ ‘ಚ್ಯಾಟರ್’ (chattr) ಆಜ್ಞೆಯಿಂದ ದೊಡ್ಡ ‘ಎಫ್’ ಗುಣ ಹಚ್ಚಿ. ಫೈಲ್ ತುಂಬಿದ ಫೋಲ್ಡರ್‌ಗೆ ಅದು ಹತ್ತುವುದಿಲ್ಲ, ಆದ್ದರಿಂದ ಹಳೆಯ ಸಂಗ್ರಹಕ್ಕೆ ಪಕ್ಕದಲ್ಲಿ ಹೊಸ ಫೋಲ್ಡರ್ ಮಾಡಿ, ಘರ್ಷಣೆಗಳನ್ನೆಲ್ಲ ಬಿಡಿಸಿದ ಮೇಲೆಯೇ ಒಳಗೆ ಸರಿಸಿ.